ಅರ್ಧ ಗ್ರಾಮಿನ ಆರ್ಭಟ

ಹೃದಯ ನಿಂತುಹೋದ ರೋಗಿಗೆ ಒಮ್ಮೆ ಚುಚ್ಚುವ ಅಡ್ರಿನಲಿನ್ ಇಂಜೆಕ್ಷನ್ 1 ಮಿಲಿಗ್ರಾಂ. ಸುಮ್ಮನೆ ಮಲಗಿರುವ ಆರೋಗ್ಯವಂತನ ರಕ್ತದಲ್ಲಿ ಒಟ್ಟು ಎಷ್ಟಿದ್ದೀತು? ಮಿಲಿಲೀಟರ್ ಪ್ಲಾಸ್ಮಾಕ್ಕೆ 50 ಪಿಕೋಗ್ರಾಂ ಎಂದು ಧಾರಾಳವಾಗಿಯೇ ಹಿಡಿಯೋಣ. ಪಿಕೋಗ್ರಾಂ ಎಂದರೆ ಒಂದು ಗ್ರಾಮಿನಲ್ಲಿ ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು. ಮೈಯಲ್ಲಿರುವ ಸುಮಾರು 3 ಲೀಟರ್ ಪ್ಲಾಸ್ಮಾಕ್ಕೆ ಗುಣಿಸಿ ನೋಡಿ: ಆ ಒಂದು ಇಂಜೆಕ್ಷನ್ನಿನ ಔಷಧಿಯನ್ನು ಆರು ಸಾವಿರಕ್ಕೂ ಹೆಚ್ಚು ಜನರ ರಕ್ತಕ್ಕೆ ಹಂಚಬಹುದು!

ಇದನ್ನು ತಯಾರಿಸುವ ಅಡ್ರಿನಲ್ ಗ್ರಂಥಿಗಳು ಎರಡು, ಕಿಡ್ನಿಗೊಂದರಂತೆ ಅದರ ನೆತ್ತಿಯ ಮೇಲೆ ಕೂತಿವೆ. ಒಂದೊಂದರ ತೂಕ 4–5 ಗ್ರಾಂ. ಅದರಲ್ಲೂ ಅಡ್ರಿನಲಿನ್ ಹುಟ್ಟುವ ಒಳತಿರುಳು ಹತ್ತರಲ್ಲೊಂದು ಪಾಲು, ಅಂದರೆ ಅರ್ಧ ಗ್ರಾಮಿನ ಆಸುಪಾಸು. ಈ ತಿರುಳಿನಲ್ಲಿ ಬೆಳೆಯುವ ಗಡ್ಡೆಯೇ ಫಿಯೋಕ್ರೊಮೊಸೈಟೋಮ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಇಬ್ಬರಿಂದ ಎಂಟು ಜನರಲ್ಲಿ ಪತ್ತೆಯಾಗುತ್ತದೆ. ಸಾವಿರ ಬಿ.ಪಿ. ರೋಗಿಗಳನ್ನು ಹಿಡಿದು ಜಾಲಾಡಿದರೂ ಸಿಗುವುದು ಒಬ್ಬರಿಂದ ಆರು ಜನ.

ತಲೆನೋವು, ಬೆವರು, ಎದೆ ಡವಡವ. ಇದ್ದಕ್ಕಿದ್ದಂತೆ ಬಿ.ಪಿ. 250ನ್ನೂ ದಾಟಬಹುದು, ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗೆ. ಡಾಕ್ಟರ ಮುಂದೆ ಕೂತಾಗ ಅಂಕಿ ಸರಿಯಾಗಿಯೇ ಇದ್ದರೆ, 'ಟೆನ್ಶನ್ ಕಡಿಮೆ ಮಾಡ್ಕೊಳ್ಳಿ' ಎಂಬ ಬುದ್ಧಿಮಾತು ಸಿಗುವುದು ಸಹಜ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್‌ಗೆ ವರ್ಷಗಟ್ಟಲೆ ಬಿ.ಪಿ. ಇತ್ತು, ಹೃದಯಾಘಾತಗಳೂ ಆದವು. ಅವರ ಎಡ ಅಡ್ರಿನಲ್‌ನಲ್ಲಿ ಒಂದೂವರೆ ಸೆಂಟಿಮೀಟರಿನ ಫಿಯೋಕ್ರೊಮೊಸೈಟೋಮ ಇದ್ದದ್ದು ಗೊತ್ತಾದದ್ದು 1969ರಲ್ಲಿ, ಶವಪರೀಕ್ಷೆಯಲ್ಲಿ.

ಗಡ್ಡೆ ಬಿಟ್ಟು ಬಿಟ್ಟು ಹಾರ್ಮೋನು ಸುರಿಯುತ್ತದೆ, ರಕ್ತಕ್ಕೆ ಬಿದ್ದ ಅಡ್ರಿನಲಿನ್ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಹಾಗಾದರೆ ಹಿಡಿಯುವುದು ಹೇಗೆ? ಉತ್ತರ ನನಗಂತೂ ಬಹಳ ಜಾಣತನದ್ದೆನಿಸುತ್ತದೆ: ಅಡ್ರಿನಲಿನ್ನನ್ನು ಬಿಟ್ಟು ಅದು ರೂಪಾಂತರಗೊಂಡು ಉಂಟಾಗುವ ಮೆಟಾನೆಫ್ರಿನ್‌ಗಳನ್ನು ಅಳೆಯಬೇಕು. ಅವು ಗಡ್ಡೆಯೊಳಗೇ ತಯಾರಾಗಿ, ಬಿ.ಪಿ. ಏರಲಿ ಬಿಡಲಿ, ಹಗಲೂ ರಾತ್ರಿ ರಕ್ತಕ್ಕೆ ಸೋರುತ್ತಿರುತ್ತವೆ. ರೋಗಿಯನ್ನು ಇಪ್ಪತ್ತು ಮೂವತ್ತು ನಿಮಿಷ ಮಲಗಿಸಿ ಆಮೇಲೆ ರಕ್ತ ತೆಗೆದರೆ ಫಲಿತಾಂಶ ಇನ್ನೂ ನಂಬಿಕಸ್ಥ. ಎದ್ದು ಕೂತರೂ ಲೆಕ್ಕ ಏರುಪೇರಾಗುತ್ತದೆ. ಗಡ್ಡೆ ಎಲ್ಲಿದೆಯೆಂದು ಹುಡುಕುವ ಸಿ.ಟಿ. ಸ್ಕ್ಯಾನ್ ಅನಂತರದ್ದು. ಯಾಕೆಂದರೆ ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದ ನೂರು ಜನರಲ್ಲಿ ನಾಲ್ಕೈದು ಮಂದಿಗೆ ಅಡ್ರಿನಲ್‌ನಲ್ಲಿ ಏನೋ ಒಂದು ಗಂಟು ಕಾಣುತ್ತದೆ, ಹೆಚ್ಚಿನವು ನಿರುಪದ್ರವಿ. ಅನುಮಾನವಿದ್ದಾಗ ರಕ್ತ ಪರೀಕ್ಷೆಗೆ ಮೊದಲೇ ಸೂಜಿ ಹಾಕಿ ಬಯಾಪ್ಸಿ ಮಾಡುವುದು ಮಾತ್ರ ಕೂಡದು. ಕೆಣಕಿದ ಗಡ್ಡೆ ಜೀವಕ್ಕೇ ಎರವಾದೀತು.

ಸಿಕ್ಕಿತೆಂದು ಕೂಡಲೇ ಕತ್ತರಿ ಹಾಕುವಂತೆಯೂ ಇಲ್ಲ. ಒಂದೆರಡು ವಾರ ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟು ಬಿಗಿದ ರಕ್ತನಾಳಗಳನ್ನು ಸಡಿಲಿಸುತ್ತಾರೆ. ಜೊತೆಗೆ ನೀರು, ಉಪ್ಪು ಚೆನ್ನಾಗಿ ತೆಗೆದುಕೊಳ್ಳಿ ಎನ್ನುತ್ತಾರೆ. ಬಿ.ಪಿ. ರೋಗಿಗೆ ಡಾಕ್ಟರೇ ಉಪ್ಪು ತಿನ್ನಿ ಎನ್ನುವ ಸಂದರ್ಭ ಬೇರೆಲ್ಲಿ ಸಿಕ್ಕೀತು? ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಏನಿದ್ದರೂ ಆಮೇಲೆ. ಅದನ್ನೇ ಮೊದಲು ಕೊಟ್ಟರೆ ರಕ್ತನಾಳ ಹಿಗ್ಗಿಸುವ ದಾರಿ ಮುಚ್ಚಿ, ಬಿಗಿಯುವ ದಾರಿಯೊಂದೇ ತೆರೆದಿರುತ್ತದೆ. ಆಪರೇಷನ್ ಟೇಬಲ್ಲಿನ ಮೇಲೆ ಗಡ್ಡೆ ಮುಟ್ಟಿದಾಗ ಬಿ.ಪಿ. ಜಿಗಿಯುತ್ತದೆ, ಅದರ ರಕ್ತನಾಳ ಕಟ್ಟಿದ ಮರುಕ್ಷಣ ಕುಸಿಯುತ್ತದೆ. ಅರಿವಳಿಕೆ ತಜ್ಞರ ಕೈಯಲ್ಲಿ ಎರಡಕ್ಕೂ ಔಷಧಿ ಸಿದ್ಧವಿರಬೇಕು. 1926ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸೀಸರ್ ರೂ, ಅಮೆರಿಕದ ರಾಚೆಸ್ಟರ್‌ನಲ್ಲಿ ಚಾರ್ಲ್ಸ್ ಮೇಯೊ ಇಂಥ ಗಡ್ಡೆ ತೆಗೆದು ರೋಗಿಗಳನ್ನು ಉಳಿಸಿದ್ದು ಈ ಯಾವ ಮಾತ್ರೆಯೂ ಇಲ್ಲದ ಕಾಲದಲ್ಲಿ.

ಈ ಗಡ್ಡೆಯನ್ನು ನಿರುಪದ್ರವಿ ಎನ್ನಬಹುದೇ? ಹೆಚ್ಚಿನವು ಹರಡುವುದಿಲ್ಲ, ಆದರೆ ಯಾವುದು ಹರಡೀತೆಂದು ಮೊದಲೇ ಹೇಳಲಾಗದ ಕಾರಣ ವಿಶ್ವ ಆರೋಗ್ಯ ಸಂಸ್ಥೆಯ 2017ರ ವರ್ಗೀಕರಣ ಆ ವಿಶೇಷಣವನ್ನೇ ಕೈಬಿಟ್ಟಿತು. ಗಡ್ಡೆ ತೆಗೆದ ಮೇಲೂ ಕನಿಷ್ಠ ಹತ್ತು ವರ್ಷ, ವರ್ಷಕ್ಕೊಮ್ಮೆ ಪರೀಕ್ಷೆ ನಡೆಯಬೇಕು. ರೋಗಿಗಳಲ್ಲಿ ಮೂವರಿಗೊಬ್ಬರಂತೆ ದೋಷ ವಂಶವಾಹಿಯಲ್ಲೇ ಇರುತ್ತದೆ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಎರಡೂ ಅಡ್ರಿನಲ್‌ಗಳಲ್ಲಿ ಗಡ್ಡೆಯಿದ್ದು ತೀರಿಕೊಂಡ 18ರ ಹುಡುಗಿಯೊಬ್ಬಳ ವಿವರವನ್ನು ಫೆಲಿಕ್ಸ್ ಫ್ರೆಂಕೆಲ್ 1886ರಲ್ಲಿ ಪ್ರಕಟಿಸಿದ್ದ. 121 ವರ್ಷಗಳ ನಂತರ, 2007ರಲ್ಲಿ, ಅವಳ ಬಂಧುಗಳ ಪೀಳಿಗೆಯವರ ರಕ್ತದಲ್ಲಿ ಆರ್‌ಇಟಿ ಎಂಬ ಜೀನಿನ ದೋಷ ಸಿಕ್ಕಿತು. ಒಬ್ಬರಲ್ಲಿ ಇಂಥ ಜೀನು ಸಿಕ್ಕರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳನ್ನೂ ಪರೀಕ್ಷೆಗೆ ಕರೆಯುವುದು ಇದಕ್ಕೇ.