ಅರ್ಜಿಗಿಂತ ಮೊದಲು ವರ್ಕ್‌ಶಾಪ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಅಕ್ಕನ ಫೋನ್ ಬಂತು. ಮಗಳಿಗೆ 625ಕ್ಕೆ 431. ಒಳ್ಳೆಯ ಸುದ್ದಿಯೇ, ಆದರೆ ದನಿಯಲ್ಲಿ ಖುಷಿ ಇರಲಿಲ್ಲ. ‘ಪಿಯುಸಿ ಬೇಡವಂತೆ ಕಣೇ. ಐಟಿಐಗೆ ಹೋಗ್ತಾಳಂತೆ. ಅದೂ ಏನು, ಫಿಟ್ಟರ್! ನೀನಾದ್ರೂ ಬುದ್ಧಿ ಹೇಳು’ ಎಂದಳು. ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು: ‘ಕೊಡಮ್ಮ ಫೋನು, ಚಿಕ್ಕಮ್ಮಂಗೆ ನಾನೇ ಹೇಳ್ತೀನಿ.’

ಅರಸೀಕೆರೆ ಕಡೆಯ ಹಳ್ಳಿ ಅವರದು. ಒಂದಿಷ್ಟು ತೆಂಗಿನ ತೋಟ, ಒಂದು ಪವರ್ ಟಿಲ್ಲರ್. ಟಿಲ್ಲರ್ ಕೆಟ್ಟು ಕೂತಾಗಲೆಲ್ಲ ಭಾವನ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕೂರುತ್ತಿದ್ದವಳು ಈ ಹುಡುಗಿ. ಯಾವ ನಟ್ಟಿಗೆ ಎಷ್ಟನೇ ನಂಬರಿನ ಸ್ಪ್ಯಾನರ್ ಎಂಬುದನ್ನು ಕಣ್ಣಳತೆಯಲ್ಲೇ ಹೇಳುತ್ತಾಳೆ. ಅಂಥವಳಿಗೆ ನಾನು ಏನು ಬುದ್ಧಿ ಹೇಳಲಿ? ಮೂರು ದಿನ ಬಿಟ್ಟು ಬಸ್ಸು ಹತ್ತಿ ಊರಿಗೆ ಹೋದೆ. ಆಮೇಲಿನ ಎರಡು ತಿಂಗಳು ಅವಳ ಅರ್ಜಿಯ ಹಿಂದೆ ಓಡಾಡಿದೆ. ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿರುವವರಿಗೆ ಆ ಓಡಾಟದ ಅನುಭವ ಉಪಯೋಗಕ್ಕೆ ಬಂದೀತು.

ಮೊದಲು ಅಕ್ಕನ ಆತಂಕದ ಮಾತು. ಐಟಿಐ ಅಂದರೆ ಫೇಲಾದವರು, ಕಡಿಮೆ ಅಂಕದವರು ಹೋಗುವ ಜಾಗ ಎನ್ನುವುದು ಊರೂರಲ್ಲೂ ಇರುವ ನಂಬಿಕೆ. ಆದರೆ ಐಟಿಐ ಹುಟ್ಟಿದ್ದು ಅದಕ್ಕಲ್ಲ. ಅದರ ಬೇರಾದ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಕೇಂದ್ರ ಸರ್ಕಾರ ಶುರು ಮಾಡಿದ್ದು 1950ರಲ್ಲಿ. ಬೆಂಗಳೂರಿನಲ್ಲಿ ಎಚ್‌ಎಎಲ್ ಇತ್ತು, ಎಚ್‌ಎಂಟಿ ಬರುವುದರಲ್ಲಿತ್ತು. ಲೇತ್ ಮೇಲೆ ಕೈ ಕೂತವರು, ಅಳತೆ ತಪ್ಪದೆ ಲೋಹ ಕೊರೆಯಬಲ್ಲವರು ದೇಶಕ್ಕೆ ಬೇಕಾಗಿದ್ದರು. ಆ ಕಾರ್ಖಾನೆಗಳಲ್ಲಿ ದುಡಿದು ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಸಾವಿರಾರು ಕುಟುಂಬಗಳನ್ನು ನೋಡಿದ ಮೇಲೂ ಈ ಕಲಿಕೆಯನ್ನು ನಾವು ಕೊನೆಯ ಬೆಂಚಿನಲ್ಲಿ ಕೂರಿಸಿದ್ದೇವೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಹದಿನಾಲ್ಕು ವರ್ಷ ತುಂಬಿದ ಯಾರು ಬೇಕಾದರೂ ಐಟಿಐಗೆ ಅರ್ಜಿ ಹಾಕಬಹುದು. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಎರಡು ವರ್ಷದ ಟ್ರೇಡ್‌ಗಳು. ಇವಕ್ಕೆ ಗಣಿತ, ವಿಜ್ಞಾನ ಓದಿ ಹತ್ತನೇ ತರಗತಿ ಪಾಸಾಗಿರಬೇಕು. ಡೀಸೆಲ್ ಮೆಕ್ಯಾನಿಕ್, ಕಂಪ್ಯೂಟರ್ ಕಲಿಸುವ ಕೋಪಾ ಒಂದು ವರ್ಷದವು. ವೆಲ್ಡರ್, ವೈರ್‌ಮನ್, ಹೊಲಿಗೆಯ ಟ್ರೇಡ್‌ಗಳಿಗೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು. ಹತ್ತರಲ್ಲಿ ಎಡವಿದ ಮಗುವಿನ ಮುಂದೆ ಬಾಗಿಲು ಮುಚ್ಚಿಲ್ಲ ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಊರಿಗೆ ಹೋದ ಮರುದಿನ ನಾವು ಮಾಡಿದ ಮೊದಲ ಕೆಲಸ ಸೈಬರ್ ಅಂಗಡಿಗೆ ಹೋದದ್ದಲ್ಲ, ಸುತ್ತಮುತ್ತಲಿನ ಮೂರು ಐಟಿಐಗಳ ವರ್ಕ್‌ಶಾಪ್ ನೋಡಿಬಂದದ್ದು. ಇಡೀ ಪ್ರಯಾಸದಲ್ಲಿ ನಾವು ಮಾಡಿದ ಅತಿ ಒಳ್ಳೆಯ ಕೆಲಸ ಅದೇ ಎಂದು ಈಗಲೂ ಅನ್ನಿಸುತ್ತದೆ. ಮದುವೆಗೆ ಹೆಣ್ಣು ನೋಡಲು, ಗಂಡು ನೋಡಲು ಹತ್ತು ಜನ ಹೋಗುತ್ತೇವೆ. ಮಗು ಎರಡು ವರ್ಷ ದಿನಕ್ಕೆ ಏಳೆಂಟು ಗಂಟೆ ನಿಂತು ಕೆಲಸ ಕಲಿಯುವ ಜಾಗವನ್ನು ಒಮ್ಮೆಯೂ ನೋಡದೆ ಅರ್ಜಿಯಲ್ಲಿ ಹೆಸರು ಬರೆಸುತ್ತೇವೆ.

ಮೊದಲನೆಯದರಲ್ಲಿ ಯಂತ್ರಗಳಿದ್ದವು, ಅವುಗಳ ಮೇಲೆ ಧೂಳೂ ಇತ್ತು. ಎರಡನೆಯದು ಹಳೆಯ ಹೆಂಚಿನ ಕಟ್ಟಡ. ಒಳಗೆ ಕಾಲಿಟ್ಟರೆ ಕಬ್ಬಿಣದ ಪುಡಿಯ ವಾಸನೆ, ಹ್ಯಾಕ್‌ಸಾ ಎಳೆಯುವ ಸದ್ದು. ಬೆಂಚ್ ವೈಸ್‌ಗಳ ಉದ್ದನೆಯ ಸಾಲಿನಲ್ಲಿ ಒಬ್ಬೊಬ್ಬ ಹುಡುಗನಿಗೆ ಒಂದೊಂದು ವೈಸ್. ಮೊದಲ ವರ್ಷದವರು ಉಕ್ಕಿನ ಪಟ್ಟಿಗೆ ಅರ ಹಾಕುತ್ತಿದ್ದರು. ಒಬ್ಬ ತನ್ನ ಜಾಬ್ ಬಿಚ್ಚಿ ತಂದು ಜೆಟಿಒ ಮುಂದೆ ಹಿಡಿದ. ಕಿರಿಯ ತರಬೇತಿ ಅಧಿಕಾರಿಯನ್ನು ಇಲ್ಲಿ ಎಲ್ಲರೂ ಕರೆಯುವುದು ಹಾಗೆಯೇ, ಜೆಟಿಒ ಸರ್ ಎಂದು. ಅವರು ಟ್ರೈ ಸ್ಕ್ವೇರನ್ನು ಅಂಚಿಗೆ ಆನಿಸಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಉಕ್ಕಿಗೂ ಸ್ಕ್ವೇರಿಗೂ ನಡುವೆ ಕೂದಲೆಳೆಯಷ್ಟು ಬೆಳಕು ನುಸುಳಿತು. ಏನೂ ಹೇಳದೆ ವಾಪಸ್ ಕೊಟ್ಟರು. ಹುಡುಗ ಮತ್ತೆ ವೈಸಿಗೆ ಸಿಗಿಸಿ ಉಜ್ಜತೊಡಗಿದ. ನಮ್ಮ ಹುಡುಗಿ ಅಲ್ಲೇ ನಿಂತುಬಿಟ್ಟಳು. ಅವಳನ್ನು ಎಳೆದುಕೊಂಡು ಬರಬೇಕಾಯಿತು.

ಆ ಜೆಟಿಒ ಬಳಿ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: ‘ಹೆಣ್ಣುಮಕ್ಕಳು ಇದ್ದಾರಾ ಸರ್?’ ಫಿಟ್ಟರ್‌ನಲ್ಲಿ ಇಲ್ಲ, ಎಲೆಕ್ಟ್ರಾನಿಕ್ಸ್‌ನಲ್ಲಿ ನಾಲ್ವರಿದ್ದಾರೆ ಎಂದರು. ಆಮೇಲೆ ಅವರೇ ಸೇರಿಸಿದರು: ‘ಟ್ರೇಡ್ ಯಾವುದಕ್ಕೂ ಹೆಣ್ಣು ಗಂಡು ಅಂತ ಇಲ್ಲಮ್ಮ. ಹುಡುಗಿಯರಿಗೆ ಕೋಪಾ, ಹೊಲಿಗೆ ಅಂತ ನಾವೇ ಬರೆಸ್ತೀವಿ ಅಷ್ಟೆ.’ ಹೆಣ್ಣುಮಕ್ಕಳ ಶೌಚಾಲಯ ಎಲ್ಲಿದೆ, ಬೀಗ ಹಾಕಿದೆಯೋ ತೆರೆದಿದೆಯೋ ಎಂದು ಅಕ್ಕ ಖುದ್ದಾಗಿ ಹೋಗಿ ನೋಡಿಬಂದಳು. ಪ್ರತಿ ತಾಯಿಯೂ ಹಾಗೆ ನೋಡಬೇಕು. ನನ್ನ ಕಡೆಯಿಂದ ನಾನು ಕೇಳಿದ್ದು ಬೇರೆ: ಫಿಟ್ಟರ್ ಕಲಿಸುವ ಜೆಟಿಒ ಹುದ್ದೆ ಭರ್ತಿ ಇದೆಯೇ, ಅಥವಾ ಒಬ್ಬರೇ ಎರಡು ಟ್ರೇಡ್ ನೋಡಿಕೊಳ್ಳುತ್ತಿದ್ದಾರೆಯೇ, ಒಂದು ಬ್ಯಾಚಿನ ಇಪ್ಪತ್ತು ಮಂದಿಗೆ ಓಡುವ ಸ್ಥಿತಿಯಲ್ಲಿರುವ ಲೇತ್ ಎಷ್ಟು, ಹೋದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ. ಕೊನೆಯ ಪ್ರಶ್ನೆಗೆ ಹೆಸರು, ಊರು, ಕಂಪನಿ ಸಮೇತ ಉತ್ತರ ಬಂದರೆ ಆ ಸಂಸ್ಥೆ ತನ್ನ ಮಕ್ಕಳ ನೆನಪು ಇಟ್ಟುಕೊಂಡಿದೆ ಎಂದು ತಿಳಿಯಬಹುದು.

ಮೂರನೆಯದು ಹೊಸ ಕಟ್ಟಡ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದು, ಅವುಗಳ ಉದ್ಘಾಟನೆ 2022ರ ಜೂನ್‌ನಲ್ಲಿ ನಡೆದದ್ದು ಓದುಗರಿಗೆ ನೆನಪಿರಬಹುದು. ಅಂಥದ್ದೊಂದರಲ್ಲಿ ರೋಬೋಟ್ ಕೈ, ಸಿಎನ್‌ಸಿ ಯಂತ್ರ, ವಿದ್ಯುತ್ ವಾಹನದ ಬಿಡಿಭಾಗ ಎಲ್ಲ ಕಣ್ಣಾರೆ ಕಂಡೆವು. ಭಾವ ಅಲ್ಲೇ ಸೋತುಹೋದರು, ರೋಬೋಟಿಕ್ಸಿಗೇ ಹಾಕೋಣ ಎಂದರು. ಆ ಕೋರ್ಸುಗಳು ಒಳ್ಳೆಯವೇ. ಆದರೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಮಿಲಿಮೀಟರಿನ ಐವತ್ತರಲ್ಲೊಂದು ಭಾಗ ಓದಲು ಬಾರದವರಿಗೆ ಸಿಎನ್‌ಸಿ ಪರದೆಯ ಅಂಕಿ ಬರೀ ಅಂಕಿಯಾಗಿಯೇ ಉಳಿಯುತ್ತದೆ. ಕೈಗೆ ಮೊದಲು ಅಳತೆ ಹತ್ತಬೇಕು ಎನ್ನುವವಳು ನಾನು. ಹುಡುಗಿಗೂ ಹಾಗೇ ಅನ್ನಿಸಿತ್ತು.

ಇನ್ನು ಕಾಗದಪತ್ರ. ಅಂಕ ಚೆನ್ನಾಗಿದ್ದೂ ಸೀಟು ಕೈತಪ್ಪುವುದು ಹೆಚ್ಚಾಗಿ ಇಲ್ಲಿ. ಅರ್ಜಿ ಆನ್‌ಲೈನ್‌ನಲ್ಲಿ, ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಮೂಲಕ. ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಗ್ರಾಮೀಣ ಶಾಲೆಯಲ್ಲಿ ಓದಿದ್ದಕ್ಕೆ ಪತ್ರ, ಕನ್ನಡ ಮಾಧ್ಯಮದ ಪತ್ರ, ಕಲ್ಯಾಣ ಕರ್ನಾಟಕದವರಾದರೆ 371ಜೆ ಪ್ರಮಾಣಪತ್ರ. ಓದುವುದಕ್ಕೆ ಒಂದೇ ವಾಕ್ಯ. ಒಟ್ಟುಮಾಡಲು ನಮಗೆ ಹದಿನೆಂಟು ದಿನ ಹಿಡಿಯಿತು. ಮೀಸಲಾತಿ ಇದೆ ಎಂದು ಬಾಯಲ್ಲಿ ಹೇಳಿದರೆ ಆಗದು, ಪತ್ರ ತೋರಿಸದಿದ್ದರೆ ಸಾಮಾನ್ಯ ವರ್ಗದಲ್ಲೇ ಲೆಕ್ಕ ಹಾಕುತ್ತಾರೆ.

ನಮಗೆ ಪೆಟ್ಟು ಬಿದ್ದದ್ದು ಗ್ರಾಮೀಣ ಪತ್ರದಲ್ಲಿ. ಹುಡುಗಿ ಪ್ರಾಥಮಿಕ ಶಾಲೆ ಓದಿದ್ದು ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದು ಊರಲ್ಲಿ. ಎರಡೂ ಕಡೆ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ ಬೇಕು. ಫಲಿತಾಂಶ ಬರುವುದು ಬೇಸಿಗೆ ರಜೆಯಲ್ಲಿ. ಶಾಲೆಗೆ ಬೀಗ, ಮುಖ್ಯ ಶಿಕ್ಷಕರು ತಂಗಿಯ ಮಗಳ ಮದುವೆಗೆ ಶಿವಮೊಗ್ಗಕ್ಕೆ ಹೋಗಿದ್ದರು. ಪಾಪ, ಫೋನ್ ಮಾಡಿದ್ದಕ್ಕೆ ಮೂರನೇ ದಿನವೇ ಬಂದು ಸಹಿ ಹಾಕಿಕೊಟ್ಟರು. ಹತ್ತನೇ ತರಗತಿಯ ಮಕ್ಕಳಿರುವವರು ಶಾಲೆ ಮುಚ್ಚುವ ಮೊದಲೇ, ಮಾರ್ಚ್ ತಿಂಗಳಲ್ಲೇ ಈ ಪತ್ರಗಳನ್ನು ಬರೆಸಿಟ್ಟುಕೊಳ್ಳಿ. ಐಟಿಐಗೆ ಹೋಗದಿದ್ದರೂ ಮುಂದೆ ಎಲ್ಲಿಗಾದರೂ ಬೇಕಾಗುತ್ತವೆ.

ಹೆಸರಿನ ತೊಡಕು ಇನ್ನೊಂದು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಶಿಯಲ್, ಆಧಾರಿನಲ್ಲಿ ಇನಿಶಿಯಲ್ ಇಲ್ಲ, ಬ್ಯಾಂಕ್ ಪುಸ್ತಕದಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಕಡೆ ಇದು ಮನೆಮನೆಯ ಕಥೆ. ಅರ್ಜಿಯಲ್ಲಿ ಹೋದ ಹೆಸರೇ ಎರಡು ವರ್ಷದ ನಂತರ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರದ ಮೇಲೆ ಬರುವುದು. ಆಗ ಅಪ್ರೆಂಟಿಸ್ ನೋಂದಣಿಯಲ್ಲಿ ಹೆಸರು ತಾಳೆಯಾಗದೆ ಒದ್ದಾಡುವ ಬದಲು ಈಗಲೇ ಆಧಾರನ್ನು ಅಂಕಪಟ್ಟಿಗೆ ಸರಿಹೊಂದಿಸಿಕೊಳ್ಳುವುದು ಮೇಲು. ಮೊಬೈಲ್ ನಂಬರ್ ಕೇಳಿದಲ್ಲಿ ಸೈಬರ್ ಅಂಗಡಿಯವರ ನಂಬರ್ ಹಾಕಿಸಬೇಡಿ. ಸೀಟು ಹಂಚಿಕೆಯ ಸಂದೇಶ, ಒಟಿಪಿ ಎಲ್ಲ ಆ ನಂಬರಿಗೇ ಬರುತ್ತದೆ. ಅಂಗಡಿಯವರಿಗೆ ನೂರು ಜನರ ಅರ್ಜಿ, ನಿಮ್ಮದೊಂದೇ ಅಲ್ಲ.

ಆಯ್ಕೆಗಳ ಪಟ್ಟಿ ಬರೆಯುವ ದಿನ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಯಾವ ಐಟಿಐ, ಯಾವ ಟ್ರೇಡ್ ಎಂದು ಆದ್ಯತೆಯ ಕ್ರಮದಲ್ಲಿ ಕೊಡಬೇಕು. ‘ಒಳ್ಳೆ ಕಡೆ ಸಿಗಲ್ಲ, ಸುಮ್ನೆ ಮೊದಲನೆಯದನ್ನ ಯಾಕೆ ಹಾಳು ಮಾಡ್ಕೋಬೇಕು, ಹತ್ತಿರದ್ದನ್ನೇ ಮೊದಲು ಹಾಕಿ’ ಎಂದು ನೆರೆಯವರೊಬ್ಬರು ಸಲಹೆ ಕೊಟ್ಟರು. ಬಹಳ ಜನ ಮಾಡುವ ತಪ್ಪು ಇದು. ಹಂಚಿಕೆ ನಡೆಯುವುದು ಅಂಕ ಮತ್ತು ಮೀಸಲಾತಿಯ ಕ್ರಮದಲ್ಲಿ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಖಾಲಿ ಇರುವ ಮೊದಲ ಸೀಟು ಕೊಡುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದನ್ನು ನೋಡುತ್ತದೆ. ಕೇಳಿದ್ದಕ್ಕೆ ದಂಡ ಹಾಕುವುದಿಲ್ಲ. ಸುಲಭದ್ದನ್ನು ಮೇಲೆ ಬರೆದರೆ ಸುಲಭದ್ದೇ ಸಿಗುತ್ತದೆ, ಬಯಸಿದ್ದು ಖಾಲಿ ಇದ್ದರೂ ಅದರ ತನಕ ಹೋಗುವುದೇ ಇಲ್ಲ. ಹಾಗಾಗಿ ಮನಸ್ಸಿಗೆ ಬೇಕಾದದ್ದು ಮೇಲೆ, ಸಿಕ್ಕರೆ ಸಾಕು ಎನ್ನುವುದು ಕೆಳಗೆ. ಪಟ್ಟಿ ಉದ್ದವಿರಲಿ, ಆದರೆ ಸಿಕ್ಕರೂ ಹೋಗಲಾರೆ ಎನ್ನುವಂಥದ್ದು ಅದರಲ್ಲಿ ಇರಬಾರದು. ಸಿಕ್ಕ ಸೀಟು ಬಿಟ್ಟರೆ ಮುಂದಿನ ಸುತ್ತಿಗೆ ಅವಕಾಶ ಇದೆಯೋ ಇಲ್ಲವೋ ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ಓದಿಕೊಳ್ಳಬೇಕು.

ನಮ್ಮ ಹುಡುಗಿ ಮೊದಲು ಬರೆದದ್ದು ಆ ಹೆಂಚಿನ ಕಟ್ಟಡದ ಫಿಟ್ಟರ್ ಸೀಟು. ಊರಿನಿಂದ ನಲವತ್ತು ಕಿಲೋಮೀಟರ್. ದೂರವಾಯಿತೆಂದು ಭಾವ ಗೊಣಗಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ನೆಪ ಹೆಣ್ಣುಮಕ್ಕಳ ಮಟ್ಟಿಗೆ ಉಳಿದಿಲ್ಲ. ಬೆಳಿಗ್ಗೆ ಬೇಗ ಏಳಬೇಕು, ಅಷ್ಟೆ.

ಖಾಸಗಿ ಐಟಿಐ ನೋಡುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸಂಸ್ಥೆಗೆ ಮಾನ್ಯತೆ ಇದೆ ಎಂದ ಮಾತ್ರಕ್ಕೆ ಅಲ್ಲಿನ ಎಲ್ಲ ಟ್ರೇಡಿಗೂ ಇದೆ ಎಂದಲ್ಲ. ಮಾನ್ಯತೆ ಕೊಡುವುದು ಟ್ರೇಡ್‌ವಾರು. ನೀವು ಸೇರುವ ಟ್ರೇಡಿನ ಮಾನ್ಯತೆಯನ್ನು ಹತ್ತಿರದ ಸರ್ಕಾರಿ ಐಟಿಐಯಲ್ಲಿ ವಿಚಾರಿಸಿಯೇ ಶುಲ್ಕ ಕಟ್ಟಿ. ‘ದಿನಾ ಬರೋದು ಬೇಡ, ಪರೀಕ್ಷೆಗೆ ಬಂದ್ರೆ ಸಾಕು’ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕೆಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಅರ ಹಿಡಿಯದ ಕೈಯಲ್ಲಿ ಪ್ರಮಾಣಪತ್ರ ಇದ್ದರೆ ಕಂಪನಿಯ ಟ್ರೇಡ್ ಟೆಸ್ಟ್‌ನಲ್ಲಿ ಹತ್ತೇ ನಿಮಿಷಕ್ಕೆ ಗೊತ್ತಾಗುತ್ತದೆ.

ಐಟಿಐ ಅಲ್ಲದೆ ಬೇರೆ ಬಾಗಿಲುಗಳೂ ಇವೆ, ಅವುಗಳಿಗೆ ಪ್ರತ್ಯೇಕ ಅರ್ಜಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ (ಜಿಟಿಟಿಸಿ) ಈಗ ರಾಜ್ಯದ ಹಲವು ಕಡೆ ಕೇಂದ್ರಗಳಿವೆ; ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಕೊನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲೇ ಕಲಿಕೆ. ಬಿಡದಿಯಲ್ಲಿ 2007ರಿಂದ ನಡೆಯುತ್ತಿರುವ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಬಡ ಕುಟುಂಬದ ಮಕ್ಕಳನ್ನು ಆರಿಸಿ ಮೂರು ವರ್ಷ ಊಟ, ವಸತಿ ಸಮೇತ ಉಚಿತವಾಗಿ ಕಲಿಸುತ್ತದೆ. ಅಲ್ಲಿ ಅಂಕ ಒಂದೇ ಸಾಲದು, ಪರೀಕ್ಷೆ, ಸಂದರ್ಶನ ದಾಟಬೇಕು. ಯಾಕೆ ಈ ಕೆಲಸ ಕಲಿಯಬೇಕೆಂದಿದ್ದೀ ಎಂದು ಕೇಳಿದರೆ ಬಾಯಿಪಾಠದ ಉತ್ತರ ಒಪ್ಪಿಸುವುದಕ್ಕಿಂತ ಅಪ್ಪನ ಟಿಲ್ಲರ್ ಬಿಚ್ಚಿದ ಕಥೆ ಹೇಳುವುದು ಸಾವಿರ ಪಾಲು ಲೇಸು.

ಎರಡನೇ ಸುತ್ತಿನಲ್ಲಿ ಹುಡುಗಿಗೆ ಬಯಸಿದ ಸೀಟೇ ಸಿಕ್ಕಿತು. ಸೇರುವ ದಿನ ಮೂಲ ಟಿಸಿ, ಮೂಲ ಅಂಕಪಟ್ಟಿ ಕೇಳಿದರು; ಕೊಡುವ ಮೊದಲು ಎಲ್ಲದಕ್ಕೂ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿಟ್ಟಿದ್ದೆವು. ಆಮೇಲೆ ಮೂರು ಸಲ ಅವು ಉಪಯೋಗಕ್ಕೆ ಬಂದವು. ಬ್ಯಾಚಿನ ಇಪ್ಪತ್ತರಲ್ಲಿ ಹುಡುಗಿಯರು ಇಬ್ಬರು. ಮೊದಲ ತಿಂಗಳು ಅಂಗೈಯಲ್ಲಿ ಬೊಬ್ಬೆ ಎದ್ದು, ಅಕ್ಕ ಕೊಬ್ಬರಿ ಎಣ್ಣೆ ಹಚ್ಚುತ್ತಾ ಅತ್ತಳಂತೆ. ಹುಡುಗಿ ಅಳಲಿಲ್ಲ.

ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ. ಇಲ್ಲಿಂದ ಮುಂದೆ ಎರಡು ದಾರಿ ಅವಳ ಕಣ್ಣ ಮುಂದಿವೆ. ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಎರಡನೇ ವರ್ಷದ ಡಿಪ್ಲೊಮಾಕ್ಕೆ ಸೇರುವುದು ಒಂದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯೊಂದರಲ್ಲಿ ಸ್ಟೈಪೆಂಡ್ ಪಡೆಯುತ್ತಾ ಒಂದು ವರ್ಷ ಕಲಿಯುವುದು ಇನ್ನೊಂದು. ಅವಳ ಮನಸ್ಸು ಯಲಹಂಕದ ರೈಲು ಗಾಲಿ ಕಾರ್ಖಾನೆಯ ಮೇಲಿದೆ. ಅಪ್ರೆಂಟಿಸ್ ಮುಗಿಸಿ ರೈಲ್ವೆಯ ಸಹಾಯಕ ಲೋಕೊ ಪೈಲಟ್ ಪರೀಕ್ಷೆ ಬರೆಯುವ ಆಸೆಯೂ ಇದೆ. ಅದಕ್ಕೂ ಐಟಿಐ ಆಗಿದ್ದರೆ ನಡೆಯುತ್ತದೆ.

ಮೊನ್ನೆ ಭಾನುವಾರ ಅಕ್ಕ ಫೋನ್ ಮಾಡಿದ್ದಳು. ಬುದ್ಧಿ ಹೇಳು ಎನ್ನಲಿಲ್ಲ. ಯಲಹಂಕದಲ್ಲಿ ಹೆಣ್ಣುಮಕ್ಕಳಿಗೆ ಒಳ್ಳೆಯ ಪಿ.ಜಿ. ಎಲ್ಲಿದೆ, ಬಾಡಿಗೆ ಎಷ್ಟು, ಕಾರ್ಖಾನೆಗೆ ಅಲ್ಲಿಂದ ಬಸ್ಸು ಇದೆಯೇ, ಈಗಲೇ ವಿಚಾರಿಸಿಡು ಎಂದಳು.