1337 ಓದೋಕೆ ಬರುತ್ತಾ?

7357. ಇದು ಯಾರ ಯುಎಸ್‌ಎನ್ನೂ ಅಲ್ಲ, ಲ್ಯಾಬ್ ರೀಡಿಂಗೂ ಅಲ್ಲ. ಇಂಗ್ಲಿಷ್ ಅಕ್ಷರಗಳನ್ನ ಮನಸ್ಸಲ್ಲಿಟ್ಕೊಂಡು ಮತ್ತೊಮ್ಮೆ ನೋಡಿ. 7 ಅಂದ್ರೆ ಟಿ, 3 ಅಂದ್ರೆ ಕನ್ನಡಿಯಲ್ಲಿ ಕಂಡ ಇ, 5 ಅಂದ್ರೆ ಎಸ್. ಓದಿದ್ರೆ ‘ಟೆಸ್ಟ್’! ಹಾಗೇ 8007 ಅಂದ್ರೆ ‘ಬೂಟ್’. ಇದಕ್ಕೆ ಲೀಟ್‌ಸ್ಪೀಕ್ ಅಂತಾರೆ. ‘ಲೀಟ್’ ಅನ್ನೋದನ್ನ ಅದರದೇ ಶೈಲಿಯಲ್ಲಿ ಬರೆದರೆ 1337.

ಇದು ವೆಬ್‌ಗಿಂತ ಹಳೆಯದು. 1980ರ ದಶಕದಲ್ಲಿ ಅಮೆರಿಕದ ಹುಡುಗರು ಮೋಡೆಮ್‌ನಿಂದ ಫೋನ್ ಹಚ್ಚಿ ಬುಲೆಟಿನ್ ಬೋರ್ಡ್‌ಗಳಿಗೆ ಸೇರುತ್ತಿದ್ದರು. ಅಲ್ಲಿ ‘ಎಲೀಟ್’ ದರ್ಜೆ ಸಿಕ್ಕವರಿಗೆ ಮಾತ್ರ ಕೆಲವು ಫೋಲ್ಡರು, ಗೇಮು, ಖಾಸಗಿ ಹರಟೆಯ ಕೋಣೆಗಳು ತೆರೆಯುತ್ತಿದ್ದವು. ‘ಎಲೀಟ್’ ಸವೆದು ‘ಲೀಟ್’ ಆಯ್ತು. ಬೇಡದ ಪದಗಳನ್ನ ಹಿಡಿದು ಅಳಿಸೋ ಫಿಲ್ಟರ್‌ಗಳ ಕಣ್ಣು ತಪ್ಪಿಸೋಕೂ ಇದು ಉಪಯೋಗಕ್ಕೆ ಬಂತು. 1998ರಲ್ಲಿ ಬಂದ ‘ಬ್ಯಾಕ್ ಆರಿಫಿಸ್’ ಅನ್ನೋ ಪ್ರೋಗ್ರಾಂ ವಿಂಡೋಸ್ ಯಂತ್ರಗಳನ್ನ ದೂರದಿಂದಲೇ ಆಡಿಸುತ್ತಿತ್ತು. ಅದರ ಪೋರ್ಟ್ ನಂಬರು 31337. ಈಗ ನೀವೇ ಓದ್ಕೊಳ್ಳಿ.

ಓದುವಾಗ ಅಂಕಿ ಅಂಕಿಗೂ ನಿಲ್ಲಬೇಡಿ, ಇಡೀ ಪದ ನೋಡಿ. 71713ರಲ್ಲಿ ಮೊದಲ 1 ಐ, ಎರಡನೇ 1 ಎಲ್, ಪದ ‘ಟೈಟಲ್’. ಯಾವುದು ಯಾವಾಗ ಅಂತ ಪಕ್ಕದ ಅಕ್ಷರಗಳೇ ಹೇಳುತ್ತವೆ. ಬರೆಯೋಕೆ ನಿಯಮ ಅಂತ ಏನಿಲ್ಲ. 4 ಅಂದ್ರೆ ಎ, 0 ಅಂದ್ರೆ ಓ. ಅಂಕಿ ಸಾಲದಿದ್ದರೆ ಚಿಹ್ನೆ ಜೋಡಿಸಿ ಎಚ್ ಅನ್ನು |-| ಅಂತ ಕಟ್ಟಬಹುದು. ಆಗ |-|1 ಅಂದ್ರೆ ‘ಹಾಯ್’. ಅತಿಯಾಗಿ ಕಟ್ಟಿದ್ರೆ ಬರೆದವರಿಗೇ ಓದೋಕಾಗಲ್ಲ, ನಮ್ಮ ಎಕ್ಸಾಮ್ ಹ್ಯಾಂಡ್‌ರೈಟಿಂಗ್ ತರ.

ಹಾಸ್ಟೆಲಿನಲ್ಲಿ ಬೆಳಿಗ್ಗೆ ‘7 ಮಗಾ 7’ ಅಂತ ಮೆಸೇಜ್ ಹಾಕಿ ಎಬ್ಬಿಸೋದು ಲೀಟ್ ಅಲ್ಲ. ಅಲ್ಲಿ ಕೆಲಸ ಮಾಡೋದು 7ರ ಸದ್ದು. ಲೀಟ್‌ನಲ್ಲಿ ಕೆಲಸ ಮಾಡೋದು ಆಕಾರ. ಆಕಾರದ ಆಟದಲ್ಲಿ ನಮ್ಮ ಅಕ್ಷರವೊಂದು ಜಗತ್ತು ಸುತ್ತಿದೆ: ಠ_ಠ. ಪಾಠ, ಹಠಗಳ ಈ ‘ಠ’ ಕನ್ನಡ ಗೊತ್ತಿಲ್ಲದವರಿಗೆ ಹುಬ್ಬೇರಿಸಿ ದುರುಗುಟ್ಟೋ ಕಣ್ಣು. ಥ_ಥ ಹಾಕಿದ್ರೆ ಅಳುಮುಖ. ಅದರ ಉಚ್ಚಾರ ಕೇಳಿದವರು ಕಡಿಮೆ!

ಆದರೆ ಕಂಪ್ಯೂಟರಿಗೆ ಆಕಾರ ಕಾಣಲ್ಲ, ಯೂನಿಕೋಡ್ ನಂಬರಷ್ಟೇ ಗೊತ್ತು. ‘ಅಂಕ’ ಮತ್ತು ‘ಅ೦ಕ’ ನಮ್ಮ ಕಣ್ಣಿಗೆ ಹೆಚ್ಚುಕಮ್ಮಿ ಒಂದೇ. ಮೊದಲನೆಯದರಲ್ಲಿರೋದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಅಂಕಿ ಸೊನ್ನೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದನ್ನ ಟೈಪ್ ಮಾಡಿ ಇನ್ನೊಂದನ್ನ ಹುಡುಕಿದರೆ ಸಿಗದೇ ಹೋಗಬಹುದು.

ಕಣ್ಣಿಗೂ ಯಂತ್ರಕ್ಕೂ ನಡುವಿನ ಈ ಸಂದಿಯಲ್ಲೇ ಕಳ್ಳರೂ ನುಗ್ಗೋದು. ಪ್ಲೇಸ್‌ಮೆಂಟ್ ಸೀಸನ್ನಲ್ಲಿ ಬರೋ ಆಫರ್ ಮೇಲ್‌ನ ವಿಳಾಸದಲ್ಲಿ ಓ ಬದಲು 0, ಎಲ್ ಬದಲು 1 ಇದ್ದರೆ ಆತುರದ ಕಣ್ಣು ಅದನ್ನ ಕಂಪನಿ ಹೆಸರಾಗೇ ಓದಿಬಿಡುತ್ತೆ. ‘ರಿಜಿಸ್ಟ್ರೇಷನ್ ಫೀ’ ಕಟ್ಟೋ ಮುಂಚೆ ವಿಳಾಸವನ್ನ ಅಕ್ಷರ ಅಕ್ಷರವಾಗಿ ಓದಿ.

ಪಾಸ್‌ವರ್ಡಿಗೆ ಬಂದರೆ ಕಥೆ ಉಲ್ಟಾ. ‘ಪಾಸ್‌ವರ್ಡ್’ ಅನ್ನೋ ಪದದಲ್ಲೇ ಎ ಬದಲು @, ಓ ಬದಲು 0 ಹಾಕಿ ಭದ್ರವಾಯ್ತು ಅಂದುಕೊಂಡವರು ನಮ್ಮ ವಿಂಗ್‌ನಲ್ಲೇ ಎಷ್ಟೋ ಜನ. ಹ್ಯಾಶ್‌ಕ್ಯಾಟ್, ಜಾನ್ ದ ರಿಪ್ಪರ್‌ನಂಥ ಟೂಲ್‌ಗಳು ಕದ್ದ ಹ್ಯಾಶ್ ಮೇಲೆ ಡಿಕ್ಷನರಿಯ ಪದಗಳನ್ನ ಪ್ರಯೋಗಿಸುವಾಗ ಈ ಬದಲಾವಣೆಗಳನ್ನೂ ನಿಯಮವಾಗಿ ಹಾಕಿ ನೋಡುತ್ತವೆ. ನಮಗೆ ನೆನಪಿಡೋದು ಕಷ್ಟ, ಅವಕ್ಕೆ ಊಹಿಸೋದು ಸುಲಭ. ಅಕ್ಷರ, ಅಂಕಿ, ಚಿಹ್ನೆ ಬೆರೆಸಿ ಅನ್ನೋ ಸಲಹೆಯನ್ನ 2003ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ಗಾಗಿ ಬರೆದವರು ಬಿಲ್ ಬರ್. ಅದಕ್ಕಾಗಿ ಅವರೇ 2017ರಲ್ಲಿ ವಿಷಾದಿಸಿದರು. ಅದೇ ವರ್ಷ ನಿಸ್ಟ್ ಆ ಕಡ್ಡಾಯವನ್ನ ಕೈಬಿಟ್ಟು, ಉದ್ದದ ಪಾಸ್‌ವರ್ಡಿಗೆ ಜಾಗ ಕೊಡಿ ಅಂತು.

ಹಾಗಾಗಿ ಸಂಬಂಧವೇ ಇಲ್ಲದ ನಾಲ್ಕೈದು ಪದ ಸಾಲಾಗಿ ಇಡಿ: ಬೆಂಡೆಕಾಯಿ, ಟ್ರಾನ್ಸ್‌ಫಾರ್ಮರ್, ಸೋದರಮಾವ, ಚಪ್ಪಲಿ. ಇದನ್ನೇ ಇಟ್ಕೋಬೇಡಿ ಮತ್ತೆ, ಇಲ್ಲಿ ಎಲ್ಲರೂ ಓದಾಯ್ತು.