ಸೀಸದ ವಿಷಕ್ಕೆ ಸೊಪ್ಪು, ಬೆಳ್ಳುಳ್ಳಿ ಮದ್ದೇ?

ನುಗ್ಗೆ, ಒಂದೆಲಗ, ಬೆಳ್ಳುಳ್ಳಿ ನಮ್ಮ ಕರಾವಳಿಯ ಅಡುಗೆಮನೆಗೆ ಹೊಸತಲ್ಲ. ಇವುಗಳ ರಸ ಕುಡಿದರೆ ದೇಹದಲ್ಲಿ ಸೇರಿದ ಸೀಸ, ಪಾದರಸ, ಆರ್ಸೆನಿಕ್‌ನಂಥ ಭಾರಲೋಹಗಳು ಹೊರಹೋಗುತ್ತವೆ ಎಂಬ ಮಾತನ್ನು ನಾವು ಕೇಳುತ್ತಿರುತ್ತೇವೆ. ಇದರಲ್ಲಿ ಎಷ್ಟು ನಿಜವಿದೆ ಎಂದು ತಿಳಿದುಕೊಳ್ಳೋಣ.

ಸೀಸ ನಮ್ಮಿಂದ ದೂರದ ವಸ್ತುವಲ್ಲ. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡಿನಲ್ಲಿ, ವಾಹನದ ಬ್ಯಾಟರಿಯಲ್ಲಿ, ಹಳೆಯ ಪೈಂಟಿನಲ್ಲಿ ಅದು ಇರುತ್ತದೆ. ಸೀಸ ಕರಗಿಸುವಾಗ ಏಳುವ ಹೊಗೆ ಉಸಿರಿನ ಮೂಲಕವೂ, ಧೂಳು ಕೈಯಿಂದ ಬಾಯಿಗೂ ಸೇರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂನಂತೆಯೇ ಎಲುಬಿನಲ್ಲಿ ಕೂಡಿಡುತ್ತದೆ. ಇದರಿಂದ ರಕ್ತಹೀನತೆ ಬರಬಹುದು, ಮಕ್ಕಳ ಬುದ್ಧಿಶಕ್ತಿ ಕುಂಠಿತವಾಗಬಹುದು. ಗರ್ಭಿಣಿಯ ಎಲುಬಿನಲ್ಲಿರುವ ಸೀಸ ಹೊಟ್ಟೆಯ ಮಗುವಿಗೂ ತಲುಪುತ್ತದೆ. ಇಷ್ಟರವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಸಸ್ಯಗಳ ಕುರಿತ ಮಾತು ಪೂರ್ತಿ ಸುಳ್ಳಲ್ಲ. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಆರ್ಸೆನಿಕ್ ಕೊಟ್ಟ ಇಲಿಗಳಿಗೆ ನುಗ್ಗೆಬೀಜದ ಪುಡಿ ನೀಡಿದಾಗ ಅಂಗಾಂಗಗಳಿಗಾದ ಹಾನಿ ತಗ್ಗಿತು. ಇರಾನಿನಲ್ಲಿ ಬ್ಯಾಟರಿ ಕಾರ್ಖಾನೆಯ 117 ಕಾರ್ಮಿಕರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕು ವಾರ ಬೆಳ್ಳುಳ್ಳಿ ಮಾತ್ರೆ ಪಡೆದವರ ರಕ್ತದಲ್ಲಿನ ಸೀಸ, ಪೆನಿಸಿಲಮೈನ್ ಔಷಧಿ ಪಡೆದವರಷ್ಟೇ ಇಳಿಯಿತು. ಬೆಳ್ಳುಳ್ಳಿಯ ಗಂಧಕಾಂಶ ಲೋಹಕ್ಕೆ ಅಂಟಿಕೊಳ್ಳುವುದು ಇದಕ್ಕೆ ಕಾರಣವಿರಬಹುದು.

ಆದರೆ ಆ ಕಾರ್ಮಿಕರ ವಿಷಬಾಧೆ ತೀವ್ರವಾದುದಲ್ಲ. ಅಲ್ಲದೆ, ಇಲಿಗೆ ಅಳೆದು ಕೊಟ್ಟ ಪುಡಿಯೂ ನಾವು ಮನೆಯಲ್ಲಿ ಅರೆಯುವ ಸೊಪ್ಪೂ ಒಂದೇ ಅಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ತಂದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ವರದಿಯಾಯಿತು. ವಿಷ ಕಳೆಯಲೆಂದು ನುಂಗಿದ ಗುಳಿಗೆಯೇ ವಿಷ ತಂದೀತು!

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲು ಸೀಸ ಬರುವ ದಾರಿಯನ್ನು ಮುಚ್ಚಬೇಕು. ಬಲೆಯ ಗುಂಡನ್ನು ಅಡುಗೆಮನೆಯಲ್ಲಾಗಲಿ, ಮಕ್ಕಳಿರುವಲ್ಲಾಗಲಿ ಕರಗಿಸಬಾರದು. ಗುಂಡನ್ನು ಹಲ್ಲಿನಿಂದ ಕಚ್ಚಬಾರದು. ಬ್ಯಾಟರಿ ಕೆಲಸದವರು ಬಟ್ಟೆ ಬದಲಿಸಿ, ಕೈಕಾಲು ತೊಳೆದು ಮನೆಗೆ ಬರಬೇಕು. ಸಂಶಯವಿದ್ದರೆ ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಬೇಕು. ಸೀಸ ಹೆಚ್ಚಿದ್ದವರಿಗೆ ಆಸ್ಪತ್ರೆಯ ಚಿಕಿತ್ಸೆಯೇ ಬೇಕು, ಕಷಾಯ ಸಾಲದು.

ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆಯಿರುವ ಮಗುವಿನ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ನುಗ್ಗೆಸೊಪ್ಪು, ರಾಗಿ, ಮೀನು ನಮ್ಮ ಮಕ್ಕಳ ಬಟ್ಟಲಿನಲ್ಲಿರಲಿ. ಮದ್ದಾಗಿ ಅಲ್ಲ, ದಿನದ ಊಟವಾಗಿ. ಧರ್ಮಕೇಂದ್ರಗಳ ಆರೋಗ್ಯ ಕಾರ್ಯಕರ್ತರು ಮನೆಭೇಟಿಯ ವೇಳೆ ಈ ವಿಷಯವನ್ನು ತಿಳಿಸಿದರೆ ಹಲವು ಕುಟುಂಬಗಳಿಗೆ ಉಪಕಾರವಾದೀತು.